ಸಾಲಿನಲ್ಲಿ ಇಲ್ಲದವಳು

ಆಲೂಗಡ್ಡೆಯ ಸಿಪ್ಪೆ ಚಾಕುವಿನ ಬಾಯಿಂದ ಸುರುಳಿ ಸುರುಳಿಯಾಗಿ ಇಳಿಯುತ್ತಿತ್ತು. ಅಲ್ವಿನಾಳ ಕಣ್ಣು ಮಾತ್ರ ಅದರ ಮೇಲಿರಲಿಲ್ಲ. ಚರ್ಚಿನ ನೆಲಮಾಳಿಗೆಯ ಆ ತುದಿಯಲ್ಲಿ, ಕಿಟಕಿಯ ಬೆಳಕು ಬೀಳುವ ಕಡೆ, ಅಪ್ಪನ ಸೋದರಿ ಮೇಟಾ ಅತ್ತೆ ಹಾಡುತ್ತ ಕುಳಿತಿದ್ದಳು. ಅದು ಕೂಸು ಮಲಗಿಸುವ ಹಾಡು. ಈ ಊರಿನಲ್ಲಿ ಈಗ ಯಾರೂ ಆಡದ, ಹಿರಿಯರು ಹಡಗಿನಲ್ಲಿ ಹೊತ್ತು ತಂದ ಹಳೆಯ ತಗ್ಗುನಾಡಿನ ಜರ್ಮನ್ ಮಾತಿನ ಹಾಡು. ಹಾಡುವಾಗ ಮುದುಕಿಯ ಬಲಗೈ ದೂರದೂರಿನ ನೆಂಟಳಾದ ಕೊಲೀನಳ ಎರಡು ಕೈಗಳ ನಡುವೆ ಗೂಡಿನಲ್ಲಿಟ್ಟ ಮೊಟ್ಟೆಯಂತೆ ಬೆಚ್ಚಗೆ ಕುಳಿತಿತ್ತು. ಮೇಜಿನ ಮೇಲೆ ಪುಟ್ಟ ಟೇಪ್ ರೆಕಾರ್ಡರು ತಿರುಗುತ್ತಿತ್ತು.

ಆ ಹಾಡನ್ನು ಅಲ್ವಿನಾ ಹುಟ್ಟಿದಾಗಿನಿಂದ ಇವತ್ತಿನವರೆಗೆ ಕೇಳಿರಲಿಲ್ಲ.

ದೃಷ್ಟಿ ಮಂಜಾದ ಮೇಲೆ ಅತ್ತೆಗೆ ಉಣ್ಣಿಸಿದವಳು, ಉಗುರು ಕತ್ತರಿಸಿದವಳು, ಭಾನುವಾರ ಕೈಹಿಡಿದು ಚರ್ಚಿಗೆ ಕರೆತಂದವಳು ತಾನು. ಅತ್ತೆ ಬಾಯಿ ಬಿಟ್ಟರೆ ಮಂಡಿನೋವು, ಹಿಮ, ಹಾಳಾದ ಕೋಳಿಗಳು, ಇಷ್ಟೇ ತನ್ನ ಪಾಲಿಗೆ. ನಾಲ್ಕು ದಿನದ ಹಿಂದೆ ಎರಡನೇ ಸಲ ಪಶ್ಚಿಮ ಕಡಲ ದಂಡೆಯ ಒರೆಗಾನ್‌ನಿಂದ ಇಳಿದವಳಿಗೆ ಹಾಡು! ಚಾಕು ಜಾರಿ ಆಲೂಗಡ್ಡೆಯ ಒಂದು ದಪ್ಪ ಹೋಳು ಸಿಪ್ಪೆಯ ಜೊತೆ ತೊಟ್ಟಿಗೆ ಬಿತ್ತು.

"ಸಿಪ್ಪೆ ತೆಗೀತಿದೀಯೋ, ಆಲೂಗಡ್ಡೆಗೆ ಶಿಕ್ಷೆ ಕೊಡ್ತಿದೀಯೋ?" ಮಡಚುವ ಕುರ್ಚಿಗಳನ್ನು ಹೊತ್ತು ಹೋಗುತ್ತಿದ್ದ ಎಲ್ಮರ್ ಕೇಳಿದ. ಅವಳ ತಮ್ಮ. ನಾಳೆ ನಡೆಯುವ ಲೀನೆಮಾನ್ ವಂಶದ ಕೂಟಕ್ಕೆ ಅವನೇ ಯಜಮಾನ.

"ನಿನ್ನ ಕುರ್ಚಿ ನೀನು ನೋಡ್ಕೋ," ಅಂದಳು ಅಲ್ವಿನಾ.

ಕೊಲೀನ್ ಬರುವ ಮುಂಚೆ ಈ ಊರಲ್ಲಿ ಒಂದು ಮಾತಿತ್ತು: 'ಅಲ್ವಿನಾಳನ್ನ ಕೇಳಿ.' ಯಾರ ಅಜ್ಜ ಯಾವ ಹಡಗಿನಲ್ಲಿ ಬಂದ, ಯಾರ ಮುತ್ತಜ್ಜಿ ಮೊದಲ ಚಳಿಗಾಲವನ್ನು ಮಣ್ಣುಹೆಂಟೆಯ ಗುಡಿಸಿಲಲ್ಲಿ ಕಳೆದಳು, ಯಾರು ಯಾರಿಗೆ ಯಾವ ದಾರಿಯಲ್ಲಿ ನೆಂಟರು, ಎಲ್ಲಕ್ಕೂ ಪಾದ್ರಿಯಿಂದ ಹಿಡಿದು ಅಂಚೆಯವನವರೆಗೆ ಅದೇ ಉತ್ತರ. ಮದುವೆ, ಮಕ್ಕಳು ಅವಳ ಬಾಳಿನಲ್ಲಿ ಬರಲಿಲ್ಲ. ಬೇರೆಯವರ ಮದುವೆಯ ಉಡುಪು ಹೊಲಿದಳು, ಬೇರೆಯವರ ಮಕ್ಕಳಿಗೆ ಭಾನುವಾರದ ಪಾಠ ಹೇಳಿದಳು. ಸತ್ತ ಹಿರಿಯರೇ ಅವಳ ಸಂಸಾರ. ಎರಡು ವರ್ಷದ ಹಿಂದೆ ಒರೆಗಾನ್‌ನಿಂದ ಕೊಲೀನಳ ಕಾಗದ ಬಂತು: ತಾನು ಹಿನ್ರಿಕ್ ಲೀನೆಮಾನ್‌ನ ಮರಿಮಗಳು, ಅವನ ಮಗಳು ಗೇಶೆಯ ಮೊಮ್ಮಗಳು, ಮೂಲ ಹುಡುಕುತ್ತಿದ್ದೇನೆ ಎಂದು. ಗೇಶೆ! ಐರಿಷ್ ರೈಲು ಕೂಲಿಯ ಹಿಂದೆ, ಅದೂ ಕ್ಯಾಥೊಲಿಕನ ಹಿಂದೆ, ಓಡಿಹೋದವಳು. ಅವಳ ಹೆಸರನ್ನು ಲೀನೆಮಾನ್ ಮನೆಯ ಊಟದ ಮೇಜಿನಲ್ಲಿ ಎತ್ತುವಂತಿರಲಿಲ್ಲ. ಈ ವಸಂತದ ಮೊದಲಲ್ಲಿ ಅವಳ ಮೊಮ್ಮಗಳು ಮೊದಲ ಸಲ ಕೆಂಗೂದಲು ಹಾರಿಸಿಕೊಂಡು ಬಂದಳು, ನಕ್ಕಳು, ಎಲ್ಲರ ಹೆಸರನ್ನೂ ನೆನಪಿಟ್ಟುಕೊಂಡಳು. ಮೇಟಾ ಅತ್ತೆ ಅವಳ ಮುಖವನ್ನು ಬೆರಳಿನಿಂದ ಸವರಿ, "ಹೆಸರು ಐರಿಷ್, ಮೂಗು ನಮ್ದೇ," ಎಂದು ತೀರ್ಪು ಕೊಟ್ಟಳು. ಅಲ್ಲಿಗೆ ಮುಗಿಯಿತು. 'ಕೊಲೀನಳನ್ನ ಕೇಳಿ' ಎಂಬುದು ಊರಿನ ಹೊಸ ಮಾತಾಯಿತು. ಅಟ್ಟಿಕ್ಕಿದವಳಿಗಿಂತ ಬೊಟ್ಟಿಕ್ಕಿದವಳು ಮೇಲು ಎನ್ನುವುದು ಎಲ್ಲ ದೇಶದಲ್ಲೂ ಇದ್ದದ್ದೇ.

ಆದರೆ ಅಲ್ವಿನಾಳ ಬಳಿ ಒಂದು ಗುಟ್ಟಿತ್ತು. ಅದನ್ನು ಅವಳು ವಸಂತದಿಂದ ನಾಲಿಗೆಯಡಿಯ ಕಲ್ಲುಸಕ್ಕರೆಯಂತೆ ಇಟ್ಟುಕೊಂಡಿದ್ದಳು.

ಚರ್ಚಿನ ಹಿಂದಿನ ಸಮಾಧಿಭೂಮಿಯಲ್ಲಿ, ಸೀಡರ್ ಮರಗಳ ನೆರಳಿನಲ್ಲಿ, ಒಂದು ಹಳೆಯ ಸಾಲಿದೆ. ಹೊಸ ಭಾಗದಲ್ಲಿ ಗಂಡನ ಮಗ್ಗುಲಿಗೆ ಹೆಂಡತಿ, ಕಾಲ ಬಳಿ ಮಕ್ಕಳು. ಹಳೆಯ ಸಾಲಿನಲ್ಲಿ ಹಾಗಲ್ಲ. ಮೊದಲು ಬಂದ ಹಿರಿಯರು ಸತ್ತ ಕ್ರಮದಲ್ಲೇ ಮಣ್ಣು ಮಾಡುತ್ತಿದ್ದರು. ಇವತ್ತು ಯಜಮಾನ ಸತ್ತರೆ ಇಲ್ಲಿ. ನಾಳೆ ಊರ ಬಡಗಿ ಸತ್ತರೆ ಅವನ ಮಗ್ಗುಲಿಗೆ. ನಾಡಿದ್ದು ಹೆಸರಿಡದ ಕೂಸು ಸತ್ತರೆ ಬಡಗಿಯ ಮಗ್ಗುಲಿಗೆ. ಕರ್ತನ ಮುಂದೆ ಗಂಡ ಹೆಂಡತಿ ಎಂಬ ಲೆಕ್ಕವಿಲ್ಲ, ಕರೆ ಬಂದ ಸರದಿಯಷ್ಟೇ. ಆ ಪದ್ಧತಿ ನಿಂತು ಎಷ್ಟೋ ಕಾಲವಾಗಿ, ಹುಲ್ಲು ಕತ್ತರಿಸುವ ಎಲ್ಮರನಿಗೂ ಅದು ಮರೆತುಹೋಗಿತ್ತು. ಅಲ್ವಿನಾಳಿಗೆ ಮರೆತಿರಲಿಲ್ಲ. ಸತ್ತವರನ್ನು ನೆನೆಯುವ ನವೆಂಬರಿನ ಭಾನುವಾರ ಬಂತೆಂದರೆ ಅಜ್ಜಿ ಅವಳನ್ನು ಆ ಸಾಲಿನುದ್ದಕ್ಕೂ ನಡೆಸುತ್ತಿದ್ದಳು. ಒಂದೊಂದು ಕಲ್ಲಿನ ಮುಂದೆ ಒಂದೊಂದು ಸಾಲು ಹಾಡಿನಂತೆ ಹೇಳಿಸುತ್ತಿದ್ದಳು. ಕಲ್ಲಿನ ಅಕ್ಷರ ಅಳಿದರೂ ಬಾಯಿಯ ಅಕ್ಷರ ಅಳಿಯಲಿಲ್ಲ.

ಹಿನ್ರಿಕಜ್ಜನ ಮಗ್ಗುಲಲ್ಲಿ ಮುಖವೆಲ್ಲ ಸವೆದ ಒಂದು ಸಣ್ಣ ಕಲ್ಲು. ಉಳಿದದ್ದು ತೊಟ್ಟು ಮುರಿದ ಒಂದು ಗುಲಾಬಿ ಮೊಗ್ಗಿನ ಕೆತ್ತನೆ ಮಾತ್ರ. ವಸಂತದಲ್ಲಿ ಬಂದಾಗ ಕೊಲೀನ್ ಅದನ್ನು ನೋಡಿದಳು, ಗಂಡನ ಪಕ್ಕ ಹೆಂಡತಿ ಎಂದು ತಿಳಿದಳು, ಹಿಲ್ಕಜ್ಜಿ ಸಿಕ್ಕಳು ಎಂದು ಅಲ್ಲೇ ಮಂಡಿಯೂರಿ ಅತ್ತಳು. ಎಲ್ಲರೂ ಸೇರಿ ಹೊಸ ಗ್ರಾನೈಟ್ ಕಲ್ಲು ಮಾಡಿಸಿದರು. 'ಹಿನ್ರಿಕ್ ಮತ್ತು ಅವನ ಧರ್ಮಪತ್ನಿ ಹಿಲ್ಕೆ.' ಹಳೆಯ ಎರಡು ಕಲ್ಲುಗಳನ್ನು ಕಿತ್ತು ಬೇಲಿಗೆ ಒರಗಿಸಿದರು. ಹೊಸದು ಈಗ ತಾಡಪಾಲು ಹೊದ್ದು ನಿಂತಿದೆ. ನಾಳೆ ಆರಾಧನೆ ಮುಗಿದ ಮೇಲೆ ಎಲ್ಲರೆದುರು ಹೊದಿಕೆ ತೆಗೆಯುವವಳು ಕೊಲೀನ್.

ಏಪ್ರಿಲ್‌ನಲ್ಲೇ ಎಲ್ಮರ್ ಒಂದು ಸಲ ಕೇಳಿದ್ದ. "ಅಲ್ವಿನಾ, ಆ ಪಕ್ಕದ ಕಲ್ಲು ಹಿಲ್ಕಜ್ಜೀದೇ ಅಂತೆ. ಕೊಲೀನ್ ಹಾಗಂತಾಳೆ. ಮೇಟಾ ಅತ್ತೇನೂ ಹೂಂ ಅಂದ್ಲಂತೆ. ಹೌದಾ?"

ಅತ್ತೆಗೆ ಅರಳುಮರಳು ಎಂದುಕೊಂಡಳು ಅಲ್ವಿನಾ. ಬಾಯಿಗೆ ಬಂದ ಮಾತನ್ನು ನುಂಗಿದಳು. "ಎಲ್ಲಾ ತಿಳಿದೋಳು ಅವಳೇ ಅಲ್ವಾ? ಅವಳನ್ನೇ ಕೇಳ್ಕೋ."

"ಉಪ್ಪಿನಕಾಯಿ ಜಾಡಿ ಥರ ಮುಖ ಮಾಡ್ಕೊಂಡಿದೀಯಲ್ಲೇ, ಏನಾಗಿದೆ ನಿಂಗೆ?"

"ಏನೂ ಆಗಿಲ್ಲ."

ಅಂದಿನಿಂದ ಅವಳು ಒಂದು ಮಾತನ್ನು ಮಗ್ಗಿಯಂತೆ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದಳು. ಹೊದಿಕೆ ಸರಿಯುತ್ತದೆ. ಎಲ್ಲರೂ ತಲೆ ಬಾಗಿಸುತ್ತಾರೆ. ಆಗ ತಾನು ಮುಂದೆ ಬಂದು, ದನಿಯೆತ್ತದೆ, ಸಕ್ಕರೆಯಂಥ ದನಿಯಲ್ಲಿ ಹೇಳುವುದು: 'ಅಯ್ಯೋ, ಇದು ಹಿಲ್ಕಜ್ಜಿ ಅಲ್ವಲ್ಲ. ಇದು ಓಲ್ಟ್‌ಮಾನ್ಸ್ ಮನೆ ಕೆಲಸದ ಹುಡುಗಿ ಫ್ರೌಕೆ.' ಆಮೇಲೆ ಆ ಕೆಂಗೂದಲಿನ ಕೆಳಗಿನ ಮುಖ ಹೇಗಾಗುತ್ತದೆ ಎಂಬುದನ್ನು ಅವಳು ಪ್ರಾರ್ಥನೆಯ ನಡುವೆಯೂ ಊಹಿಸಿಕೊಂಡಿದ್ದಳು. ಊಹಿಸಿದ್ದಕ್ಕೆ ಕ್ಷಮೆ ಬೇಡಿ, ಮತ್ತೆ ಊಹಿಸಿದ್ದಳು.

ನಿಜವಾದ ಹಿಲ್ಕಜ್ಜಿ ಎಲ್ಲಿ? ಅದು ಅಲ್ವಿನಾಳಿಗೂ ಗೊತ್ತಿರಲಿಲ್ಲ. ಚಿಕ್ಕವಳಿದ್ದಾಗ ಕೇಳಿದ್ದಳು. ಅಜ್ಜಿ ತಲೆವಸ್ತ್ರದ ಗಂಟು ಬಿಗಿದುಕೊಂಡು, "ಕರ್ತನ ಕೈಯಲ್ಲಿ," ಎಂದು ನಡಿಗೆ ಜೋರು ಮಾಡಿದ್ದಳು. ಹಳೆಯ ಮನೆಯ ತೋಟದ ದಿಬ್ಬದಲ್ಲೆಲ್ಲೋ ಹೂತಿರಬೇಕು ಎಂದು ಅವಳು ಸುಮ್ಮನಾಗಿದ್ದಳು.

ಮಧ್ಯಾಹ್ನ ಕೆಲಸದವರ ಊಟಕ್ಕೆ ಕೊಲೀನ್ ತಾನೇ ಬ್ರೆಡ್ಡು ಕತ್ತರಿಸಲು ಬಂದಳು. ಬೇರೆಯವರ ಅಡುಗೆಮನೆಯಲ್ಲಿ ಕೇಳದೆ ಕೈಹಾಕುವ ಬಿಡುಬೀಸಿನ ಹೆಂಗಸು. "ಕೊಡಿ ಅಲ್ವಿನಾ, ನೀವು ಬೆಳಗ್ಗಿಂದ ನಿಂತೇ ಇದೀರಿ," ಎಂದು ಚಾಕು ಇಸಿದುಕೊಂಡಳು. ರೈ ಹಿಟ್ಟಿನ ಕಪ್ಪು ಬ್ರೆಡ್ಡನ್ನು ಎದೆಗವಚಿ, ಬೋರಲು ಮಾಡಿ, ಅದರ ಬೆನ್ನಿನ ಮೇಲೆ ಚಾಕುವಿನ ಮೊನೆಯಿಂದ ಮೆಲ್ಲಗೆ ಶಿಲುಬೆ ಗೀರಿದಳು. ತುಟಿಯಲ್ಲೇ ಏನೋ ಅಂದಳು. ಮೊದಲ ತುದಿಚೂರನ್ನು ಕತ್ತರಿಸಿ, ಯಾರ ತಟ್ಟೆಗೂ ಹಾಕದೆ, ಕಿಟಕಿಯ ಕಟ್ಟೆಯ ಮೇಲಿಟ್ಟಳು.

ಅಲ್ವಿನಾಳ ಕೈಯಲ್ಲಿದ್ದ ಸೌಟು ನಿಂತಿತು.

"ಏನದು ಅಂದಿದ್ದು?"

"ಇದಾ?" ಕೊಲೀನ್ ನಕ್ಕಳು. "ನಮ್ಮನೇಲಿ ಹೇಳೋದು. ಅರ್ಥ ಯಾರಿಗೂ ಗೊತ್ತಿಲ್ಲ. ನಮ್ಮಮ್ಮ ಹೇಳ್ತಿದ್ಲು, ನಾನೂ ಹೇಳ್ತೀನಿ."

"ಇನ್ನೊಂದ್ಸಲ ಹೇಳಿ."

ಕೊಲೀನ್ ಹೇಳಿದಳು. ಉಚ್ಚಾರ ಅಲ್ಲಲ್ಲಿ ಕುಂಟುತ್ತಿತ್ತು. ಆದರೂ ಅದು ಅದೇ, ಅಲ್ವಿನಾಳಿಗೆ ಅರ್ಥವೂ ಗೊತ್ತಿದ್ದ ಹಳೆಯ ಜರ್ಮನ್ ಮಾತು. ಅಲ್ವಿನಾಳ ಅಜ್ಜಿ ದಿನಾ ಹೇಳುತ್ತಿದ್ದದ್ದು, ಅಲ್ವಿನಾ ಇವತ್ತು ಬೆಳಿಗ್ಗೆಯೂ ತನ್ನ ಮನೆಯಲ್ಲಿ ಹೇಳಿದ್ದು:

ಕೊಟ್ಟ ಕೈಗೆ ಶರಣು, ನಾದಿದ ಕೈಗೆ ಶರಣು;
ಇಲ್ಲಿ ಕೂತವರಿಗೆ ಒಂದು ಚೂರು,
ಇಲ್ಲಿ ಇಲ್ಲದವರಿಗೆ ಮೊದಲ ಚೂರು.

ಊರಿನ ಬೇರೆ ಯಾವ ಮನೆಯಲ್ಲೂ ಇದಿಲ್ಲ. ಶಿಲುಬೆ ಗೀರುವವರಿದ್ದಾರೆ, ಈ ಮಾತಿಲ್ಲ. ಹಿಲ್ಕಜ್ಜಿಯಿಂದ ಬಂದದ್ದು ಎಂದು ಅಜ್ಜಿ ಒಮ್ಮೆ ಬಾಯಿತಪ್ಪಿ ಅಂದಿದ್ದಳು.

"ನಿಮ್ಮಮ್ಮನಿಗೆ ಯಾರು ಕಲಿಸಿದ್ದು? ಗೇಶೆನಾ?"

"ಎಲ್ಲಿ, ಗೇಶೆ ಸತ್ತಾಗ ಅಮ್ಮ ಇನ್ನೂ ಹಾಸಿಗೆ ಒದ್ದೆ ಮಾಡೋ ಕೂಸು. ತಾತ ರೈಲು ಹಳಿ ಹಿಂದೆ ಊರೂರು ಅಲೆಯೋನು. ಮಕ್ಕಳನ್ನ ನೋಡ್ಕೊಳ್ಳೋಕೆ ಒಬ್ಬ ಜರ್ಮನ್ ಮುದುಕಿ ಬಂದ್ಲಂತೆ. ಕೆಲಸದೋಳೋ, ನೆರೆಮನೆಯೋಳೋ, ಯಾರಿಗೆ ಗೊತ್ತು! ಅಮ್ಮ ಅವಳನ್ನ ಬ್ರೆಡ್ಡಜ್ಜಿ ಅಂತಿದ್ಲು. ಸಾಯೋವರೆಗೂ ಅವರ ಜೊತೆನೇ ಇದ್ಲು. ಗೇಶೆ ಪಕ್ಕದಲ್ಲೇ ಮಣ್ಣು ಮಾಡಿದಾರೆ. ತಾತನೂ ಮೊದಲೇ ಹೋಗಿದ್ದ, ಮಕ್ಕಳಿಗೆ ಹೆಸರು ಗೊತ್ತಿಲ್ವಲ್ಲ, ಕಲ್ಲಿನ ಮೇಲೆ ಒಂದು ಬ್ರೆಡ್ಡು ಕೆತ್ತಿಸಿದಾರೆ, ಪಾಪ. ನೋಡಿದೋರು ಇಲ್ಯಾರೋ ಬೇಕರಿ ಇಟ್ಟಿದ್ರು ಅಂದ್ಕೋತಾರೆ."

ಅಡುಗೆಮನೆಯ ಹೆಂಗಸರು ನಕ್ಕರು. ಅಲ್ವಿನಾ ನಗಲಿಲ್ಲ. "ಆ ಚೂರು?" ಎಂದು ಕಿಟಕಿಯ ಕಡೆ ಗದ್ದ ತೋರಿಸಿದಳು.

"ಬರದೇ ಇದ್ದೋರಿಗಂತೆ, ಅಷ್ಟು ಗೊತ್ತು. ಯಾರು ಅಂತ ಬ್ರೆಡ್ಡಜ್ಜಿ ಹೇಳ್ಲಿಲ್ಲ, ಅಮ್ಮನೂ ಕೇಳ್ಲಿಲ್ಲ. ಕೊನೇಗೆ ನಾಯಿ ತಿಂತಿತ್ತು."

ತಮ್ಮ ಮನೆಯಲ್ಲಿ ಕೋಳಿ ತಿನ್ನುತ್ತಿತ್ತು. ಅಲ್ವಿನಾ ಹಬೆಯಾಡುವ ಪಾತ್ರೆಯ ಮೇಲೆ ಬಾಗಿ ನಿಂತಳು, ಮುಖ ಯಾರಿಗೂ ಕಾಣದ ಹಾಗೆ. ದಿಬ್ಬವೂ ಇಲ್ಲ, ಹಳೆಯ ತೋಟವೂ ಇಲ್ಲ. ಹಿಲ್ಕಜ್ಜಿ ಹೋಗಿದ್ದಳು. ಗಂಡ ಸತ್ತ ಮೇಲೆ, ಇಲ್ಲಿನ ಮಗ ಸೊಸೆ ಮೊಮ್ಮಕ್ಕಳನ್ನು ಬಿಟ್ಟು, ಆ ಐರಿಷ್ ಮಕ್ಕಳ ಬಳಿಗೆ. ಕಡಲ ದಂಡೆಯ ನಾಡಿನಲ್ಲಿ, ಕ್ಯಾಥೊಲಿಕರ ಮಣ್ಣಿನಲ್ಲಿ, ಬ್ರೆಡ್ಡಿನ ಚಿತ್ರದ ಕೆಳಗೆ ಮಲಗಿದ್ದಳು.

ನಾಲಿಗೆಯಡಿಯ ಕಲ್ಲುಸಕ್ಕರೆ ಕಹಿಯಾಯಿತು. ನಾಳೆ ತಾನು ಬಾಯಿ ಬಿಟ್ಟರೆ ಮೊದಲ ಪ್ರಶ್ನೆ ಒಂದೇ: 'ಹಾಗಾದರೆ ಹಿಲ್ಕೆ ಎಲ್ಲಿ?' ಉತ್ತರ ಹುಡುಕಲು ಆ ಹೆಂಗಸಿಗೆ ಒಂದು ಗಳಿಗೆ ಸಾಕು. ಆಮೇಲೆ ಟೇಪಿನ ಹಾಡು, ಅತ್ತೆಯ ಕೈ, ತಮ್ಮನ ಹೊಗಳಿಕೆ ಮಾತ್ರವಲ್ಲ, ವಂಶದ ಮೂಲತಾಯಿಯೂ ಅವಳ ಪಾಲು. ಸುಮ್ಮನಿದ್ದರೆ ಹಿಲ್ಕೆ ಇಲ್ಲೇ ಇರುತ್ತಾಳೆ, ಗ್ರಾನೈಟಿನಲ್ಲಿ, ಚಿನ್ನದ ಬಣ್ಣದ ಅಕ್ಷರದಲ್ಲಿ.

ಊಟವಾದ ಮೇಲೆ ಅತ್ತೆಯನ್ನು ಮನೆಗೆ ಬಿಡುವುದು ಅಲ್ವಿನಾಳ ಕೆಲಸ. ಚರ್ಚಿನೆದುರಿನ ರಸ್ತೆ ದಾಟಿದರೆ ಮೇಟಾಳ ಮನೆ. ತೂಗುಕುರ್ಚಿಯಲ್ಲಿ ಕೂರಿಸಿ, ಬೂಟಿನ ಲಾಡಿ ಬಿಚ್ಚುತ್ತ, ನೆಲದ ಕಡೆ ನೋಡಿಕೊಂಡೇ ಕೇಳಿದಳು.

"ಅತ್ತೆ, ಹಿಲ್ಕಜ್ಜಿ ಎಲ್ಲಿದಾಳೆ?"

"ಹಿನ್ರಿಕಜ್ಜನ ಪಕ್ಕ. ನಾಳೆ ಬಟ್ಟೆ ತೆಗೀತಾರಲ್ಲ."

"ಅದು ಫ್ರೌಕೆ."

ತೂಗುಕುರ್ಚಿ ನಿಂತಿತು. ಹೊರಗೆ ಜೋಳದ ಹೊಲದ ಬೇಲಿಗೂಟದ ಮೇಲೆ ಒಂದು ಹಕ್ಕಿ ಕೂಗಿ ಸುಮ್ಮನಾಯಿತು.

"ಸಾಲು ನಂಗೂ ಬರತ್ತೆ," ಅಂದಳು ಮೇಟಾ. ದನಿಯಲ್ಲಿ ಅರಳುಮರಳಿನ ಸುಳಿವೂ ಇರಲಿಲ್ಲ. "ನಿನ್ನ ಅಜ್ಜಿ ನನ್ನ ತಾಯಿ ಅನ್ನೋದು ಮರೆತ್ಯಾ?"

"ಮತ್ತೆ ಅವಳಿಗೆ ಯಾಕೆ ಹೂಂ ಅಂದೆ?"

ಮುದುಕಿ ಗಾಳಿಯಲ್ಲಿ ಏನನ್ನೋ ಹಿಡಿಯುವಂತೆ ಎರಡು ಕೈಯನ್ನೂ ಮುಂದೆ ಚಾಚಿದಳು. "ಹೀಗೆ ಹಿಡ್ಕೊಂಡಿದ್ದೆ. ಅವಳ ಏಪ್ರನ್ನು. ಸೋಂಪಿನ ವಾಸನೆ ಬರ್ತಿತ್ತು. ಬೆಳಿಗ್ಗೆ ಬಂಡಿ ನಿಂತಿತ್ತು, ರೈಲು ನಿಲ್ದಾಣಕ್ಕೆ ಹೋಗೋಕೆ. ನಾನು ಬಿಡ್ಲಿಲ್ಲ. ಒಂದೊಂದೇ ಬೆರಳು ಬಿಡಿಸಿದ್ಲು ಕಣೇ, ಬಟಾಣಿ ಸುಲಿದ ಹಾಗೆ. 'ಅಲ್ಲಿ ತಾಯಿಲ್ಲದ ಮಕ್ಕಳಿವೆ ಮೇಟಾ, ನಿಂಗೆ ತಾಯಿ ಇದಾಳೆ' ಅಂದ್ಲು. ನಂಗೆ ತಾಯಿ ಇದ್ದದ್ದೇ ತಪ್ಪಾ?"

ಅಲ್ವಿನಾ ಬೂಟು ಹಿಡಿದುಕೊಂಡೇ ಕುಳಿತಳು.

"ನಮ್ಮಪ್ಪ ಅವತ್ತೇ ಹೇಳ್ದ, ಇನ್ಮೇಲೆ ಈ ಮನೇಲಿ ಆ ಹೆಸರೂ ಬೇಡ ಅಂತ. ಒಂದು ಆಯುಷ್ಯ ಅವಳನ್ನ ಅವರು ಇಟ್ಕೊಂಡ್ರಲ್ಲ, ಸಾಲ್ದಾ? ಕಲ್ಲಾದ್ರೂ ನಮ್ಮೂರಲ್ಲಿರ್ಲಿ."

"ಕೊಲೀನಳ ಕೈ ಹಿಡ್ಕೊಂಡು ಹಾಡ್ತಿದ್ಯಲ್ಲ ಅತ್ತೆ!" ಅಲ್ವಿನಾ ಬೂಟನ್ನು ನೆಲಕ್ಕೆ ಕುಕ್ಕಿದಳು. "ನಂಗೆ ಒಂದು ದಿನ ಆ ಹಾಡು ಹೇಳ್ಲಿಲ್ಲ."

"ಅದು ಹಿಲ್ಕಜ್ಜಿ ನಂಗೆ ಹಾಡ್ತಿದ್ದದ್ದು. ಇವಳ ಅಮ್ಮನಿಗೂ ಹಾಡಿದ್ಲಾ ನೋಡೋಣ ಅಂತ ಹಾಡಿದೆ. ಹಾಡಿದ್ರೆ ಮಗಳಿಗೆ ಗೊತ್ತಿರ್ತಿತ್ತು." ಮೇಟಾಳ ಮುಖದಲ್ಲಿ ಒಂದು ಬೆಳಕು ಹರಡಿತು; ಮಿಠಾಯಿ ಗೆದ್ದ ಹುಡುಗಿಯ ಬೆಳಕು. "ಇವಳಿಗೆ ಗೊತ್ತಿಲ್ಲ. ಹಾಡು ನಂಗೊಬ್ಬಳಿಗೇ." ಕೆಳತುಟಿಯನ್ನು ಮುಂದೆ ಮಾಡಿ ಅವಳು ಮತ್ತೆ ಕುರ್ಚಿ ತೂಗತೊಡಗಿದಳು. "ನೀನು ಬಾಯಿ ಮುಚ್ಕೊಂಡಿರು. ನಾವು ನಾವು."

ನಾವು ನಾವು. ಇಷ್ಟು ವರ್ಷ ಬಯಸಿದ ಮಾತು. ಅದು ಕೈಗೆ ಬಂದಾಗ ಅಲ್ವಿನಾ ಅತ್ತೆಯ ಆ ಮುಂದೆ ಚಾಚಿದ ಕೆಳತುಟಿಯನ್ನೇ ನೋಡುತ್ತಿದ್ದಳು. ವಸಂತದಿಂದ ಈಚೆಗೆ ತಲೆ ಬಾಚುವಾಗಲೆಲ್ಲ ಕನ್ನಡಿಯಲ್ಲಿ ಅವಳು ಆ ತುಟಿಯನ್ನು ಕಂಡಿದ್ದಳು.

ಭಾನುವಾರ ಆರಾಧನೆಗೆ ಇನ್ನೂ ಹೊತ್ತಿರುವಾಗಲೇ ಅವಳು ಪಿಯೋನಿ ಹೂ ಕೊಯ್ದುಕೊಂಡು ಸಮಾಧಿಭೂಮಿಗೆ ಹೋದಳು. ಹುಲ್ಲು ಇಬ್ಬನಿಯಲ್ಲಿ ನೆಂದಿತ್ತು. ಯಾರೂ ಇರಲಾರರು ಅಂದುಕೊಂಡಿದ್ದಳು. ಅಲ್ಲೂ ಅವಳೇ! ಕೊಲೀನ್ ಒಳ್ಳೆಯ ಲಂಗವನ್ನು ಮೊಳಕಾಲಿಗೆ ಸಿಕ್ಕಿಸಿ, ಬಕೆಟ್ ಪಕ್ಕದಲ್ಲಿಟ್ಟುಕೊಂಡು, ಬೇಲಿಗೆ ಒರಗಿಸಿದ ಸಣ್ಣ ಕಲ್ಲನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದಳು.

"ಎಸೆಯೋ ಕಲ್ಲಿಗೆ ಯಾಕೆ ಸ್ನಾನ?" ಅಂದಳು ಅಲ್ವಿನಾ.

"ಎಸೆಯೋದಾ? ಅಯ್ಯೋ, ನಾನು ಕಾರಿನಲ್ಲಿ ಒರೆಗಾನ್‌ಗೆ ಒಯ್ಯೋಣ ಅಂತಿದ್ದೆ. ಅಜ್ಜಿ ತಲೆ ಮೇಲಿದ್ದ ಕಲ್ಲು." ಕೊಲೀನ್ ಮೊಣಕೈಯಿಂದ ಕೂದಲು ಸರಿಸಿದಳು. "ಒಂದು ಮಾತು ಕೇಳ್ಲಾ ಅಲ್ವಿನಾ? ಈ ಹೂವಿನ ತೊಟ್ಟು ಹಳೇದಾಗಿ ಮುರಿದಿದ್ದು ಅಂದ್ಕೊಂಡಿದ್ದೆ. ತೊಳೆದ್ರೆ, ಮುರಿದ ಹಾಗೇ ಕೆತ್ತಿದಾರೆ. ಯಾಕೆ?"

ಹಾಡನ್ನೂ ಒಯ್ಯುತ್ತಾಳೆ, ಕಲ್ಲನ್ನೂ ಒಯ್ಯುತ್ತಾಳೆ. ನಿನಗೆ ಗೊತ್ತಿಲ್ಲದ್ದು ಒಂದಾದರೂ ಇದೆ. ಅದು ನಿನ್ನ ಟೇಪಿನಲ್ಲೂ ಇಲ್ಲ, ನಿನ್ನ ನಗೆಗೂ ಸಿಗುವುದಿಲ್ಲ. ನೋಡಿಲ್ಲಿ ಎಂದು ತೋರಿಸಲೇಬೇಕೆಂದು ಅಲ್ವಿನಾಳಿಗೆ ಅನಿಸಿತು. ಸೀದಾ ಸಾಲಿನ ಆ ತುದಿಗೆ ನಡೆದಳು. ಮೊದಲ ಕಲ್ಲಿನ ಮೇಲೆ ಅಂಗೈಯಿಟ್ಟು, ಅಜ್ಜಿ ಕಲಿಸಿದ ಧಾಟಿಯಲ್ಲೇ, ದನಿಯೆತ್ತಿ ಶುರುಮಾಡಿದಳು:

ಮೊದಲು ಮಲಗಿದ್ದು ಬಡಗಿ ಯಾನ್,
ಮಗ್ಗುಲಿಗೆ ಹೆಸರಿಡದ ಕೂಸು;
ಸಿಡಿಲು ಹೊಡೆದ ಹಾರ್ಮ್ ಆಮೇಲೆ,
ಅವನಾಚೆ ಮುದುಕಿ ಸೂಸು...

ಒಂದು ಕಲ್ಲಿಗೆ ಒಂದು ಸಾಲು, ಒಂದು ಹೆಜ್ಜೆ. ಕೊಲೀನ್ ಬ್ರಷ್ಷು ಹಿಡಿದುಕೊಂಡೇ ಎದ್ದು ನಿಂತಳು. ಹೆಮ್ಮೆಯಿಂದ ಹೊರಟ ದನಿ ನಡುನಡುವೆ ತನ್ನ ಹೆಮ್ಮೆಯನ್ನು ಮರೆಯಿತು. ಅಜ್ಜಿಯ ಒರಟು ಕೈ ತನ್ನ ಕೈಯಲ್ಲಿದ್ದಂತೆ, ನವೆಂಬರಿನ ಗಾಳಿ ಕಿವಿಗೆ ಹೊಡೆದಂತೆ ಆಯಿತು. ತಾಡಪಾಲು ಹೊದ್ದ ಕಲ್ಲಿನ ಮುಂದೆ ಬಂದಾಗ ನಿಲ್ಲಬಹುದಿತ್ತು. ಆದರೆ ಒಮ್ಮೆ ಎತ್ತಿಕೊಂಡ ಪದ ನಡುವೆ ನಿಲ್ಲುವಂಥದ್ದಲ್ಲ. ಹಿಡಿದ ಧಾಟಿ ಅವಳನ್ನು ಮುಂದಕ್ಕೆ ಎಳೆಯಿತು.

ಹಿಮ ಬಿದ್ದಾಗ ಹಿನ್ರಿಕ್ ಹೋದ,
ಹಿಮ ಕರಗೋ ಮೊದಲೇ ಫ್ರೌಕೆ;
ಪರರ ಹಸುವಿನ ಹಾಲು ಕರೆದ ಹುಡುಗಿ,
ಹೊದಿಸು ಕರ್ತನೆ, ಹೊದಿಕೆ.

ಸೀಡರ್ ಮರದಿಂದ ಹನಿ ಬಿತ್ತು.

"ಫ್ರೌಕೆ," ಅಂದಳು ಕೊಲೀನ್.

"ಓಲ್ಟ್‌ಮಾನ್ಸ್ ಮನೆ ಕೆಲಸದ ಹುಡುಗಿ. ಮದುವೆ ಆಗದೆ ಸತ್ತೋರಿಗೆ ಮೊಗ್ಗು ಮುರಿದು ಕೆತ್ತೋರು. ಈ ಸಾಲು ಸತ್ತ ಸರದಿದು. ಗಂಡ ಹೆಂಡ್ತಿ ಅಂತ ಇಲ್ಲ." ಎಷ್ಟೋ ತಿಂಗಳಿಂದ ಜೋಪಾನ ಮಾಡಿದ ಮಾತು ಇಷ್ಟು ಒಣಗಿಕೊಂಡು ಹೊರಬಿತ್ತು. ಎದುರಿನ ಮುಖ ಅವಳು ಊಹಿಸಿದ ಹಾಗೆಯೇ ಬಿಳಿಚಿತು. ಸುಖವೇನೂ ಆಗಲಿಲ್ಲ.

"ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

ಕೊಲೀನ್ ಅವಳನ್ನು ನೋಡಿದಳು. ಕೋಪ ಬರಲಿ, ಬಂದರೆ ತನಗೂ ಹಗುರ ಎಂದು ಅಲ್ವಿನಾ ಕಾದಳು. ಕೊಲೀನ್ ಬ್ರಷ್ಷನ್ನು ಬಕೆಟ್ಟಿಗೆ ಹಾಕಿ, ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು, "ಪಾಪ ಆ ಹುಡುಗಿ," ಅಂದಳು. "ನಾನು ಅವಳ ಜಾಗ ಕಿತ್ಕೊಂಡೆ." ಆಮೇಲೆ, "ಹಾಗಾದ್ರೆ ಹಿಲ್ಕೆ?"

'ಕರ್ತನ ಕೈಯಲ್ಲಿ.' ಮಾತು ಅಲ್ವಿನಾಳ ತುಟಿಯ ತುದಿಯಲ್ಲಿ ಸಿದ್ಧವಾಗಿ ನಿಂತಿತ್ತು. ಅದರಲ್ಲಿ ಸುಳ್ಳೂ ಇರಲಿಲ್ಲ. ರಸ್ತೆಯಾಚೆ ಮೇಟಾಳ ಮನೆಯ ಕಿಟಕಿಯ ಪರದೆ ಸರಿದಿತ್ತು. ಕಣ್ಣು ಕಾಣದ ಮುದುಕಿ ಇತ್ತಲೇ ಮುಖ ಮಾಡಿ ಕುಳಿತಿರಬೇಕು. ಅಲ್ವಿನಾ ಹೂಗಳನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದಳು.

"ನಿಮ್ಮ ಆ ಬ್ರೆಡ್ಡಜ್ಜಿ..." ಅಂದಳು. "ಆ ಮಾತು ನಮ್ಮನೇದು. ನಮ್ಮನೇಲೂ ಮೊದಲ ಚೂರು ತೆಗೆದಿಡ್ತಾರೆ. ಬೇರೆ ಯಾರ ಮನೇಲೂ ಇಲ್ಲ. ಮೇಟಾ ಅತ್ತೆ ಅವಳು ಹೊರಟಾಗ ಏಪ್ರನ್ ಹಿಡ್ಕೊಂಡಿದ್ಲಂತೆ."

ಕೊಲೀನ್ ಆ ಒದ್ದೆ ಹುಲ್ಲಿನ ಮೇಲೆಯೇ ಕುಳಿತುಬಿಟ್ಟಳು. ಬಾಯಿಗೆ ಕೈ ಅಡ್ಡ ಹಿಡಿದು, ಸದ್ದಿಲ್ಲದೆ, ಮೊದಲು ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಅಲ್ವಿನಾ ಅವಳನ್ನು ಎಬ್ಬಿಸಲಿಲ್ಲ, ಮುಟ್ಟಲೂ ಇಲ್ಲ. ಹೂಗಳಲ್ಲಿ ಒಂದನ್ನು ಎಳೆದು ಫ್ರೌಕೆಯ ಕಲ್ಲಿಗೆ ಒರಗಿಸಿಟ್ಟಳು.

"ಹೊದಿಕೆ ತೆಗೆಯಲ್ಲ ಅಂದ್ರೆ?" ಎಲ್ಮರ್ ಚರ್ಚಿನ ಮೆಟ್ಟಿಲ ಮೇಲೆ, ಕೊರಳಿನ ಟೈ ಹಿಡಿದೆಳೆಯುತ್ತ ಕೂಗಾಡಿದ. "ಕಾನ್ಸಾಸ್‌ನಿಂದ ಬಂದಿದಾರೆ ಜನ! ತಾಡಪಾಲು ತೋರಿಸಿ ಊಟಕ್ಕೆ ಕೂರಿಸ್ಲಾ?"

"ತಪ್ಪು ನಂದು ಎಲ್ಮರ್," ಅಂದಳು ಕೊಲೀನ್. "ಗಟ್ಟಿ ಮಾಡ್ಕೊಳ್ಳದೆ ಹಾರಾಡಿದೆ. ಈಗ ಗೊತ್ತಾಯ್ತು, ಅದೇ ಪುಣ್ಯ. ಎಲ್ಲರಿಗೂ ನಾನೇ ಹೇಳ್ತೀನಿ."

ಅವಳು ಎದ್ದು ನಿಂತು ಹೇಳಿಯೂ ಹೇಳಿದಳು. ಏಪ್ರಿಲ್‌ನಲ್ಲಿ ಯಾರನ್ನು ಕೇಳಿದ್ದರು, ಯಾರು ಸುಮ್ಮನಿದ್ದರು ಎಂಬುದನ್ನು ಬಿಟ್ಟು ಉಳಿದದ್ದೆಲ್ಲ. ಅಲ್ವಿನಾ ಸಾಲು ಹಾಡಿದ್ದನ್ನು ಮಾತ್ರ ಎರಡು ಸಲ ಹೇಳಿದಳು. ಜನ ತಿರುಗಿ ಅಲ್ವಿನಾಳನ್ನು ನೋಡಿದರು. ಯಾರೋ ಹಾಡಿ ಎಂದರು. ಅವಳು ತಲೆಯಾಡಿಸಿ ಬೆಂಚಿನಲ್ಲಿ ಕುಗ್ಗಿ ಕುಳಿತಳು. ಕ್ಷಮಿಸುವುದರಲ್ಲೂ ಅವಳೇ ಮುಂದು! ಕೊನೆಗೆ ತಪ್ಪು ಒಪ್ಪಿಕೊಳ್ಳುವುದೊಂದನ್ನಾದರೂ ತನಗೆ ಬಿಡಬಾರದಿತ್ತೇ ಎಂದುಕೊಂಡಳು ಅಲ್ವಿನಾ. ಪಾದ್ರಿ ಪ್ರಾರ್ಥನೆಗೆ ಕರೆದಾಗ ಎಲ್ಲರಿಗಿಂತ ಮೊದಲು ಕಣ್ಣು ಮುಚ್ಚಿದಳು.

ಊಟಕ್ಕೆ ಮೇಜುಗಳನ್ನು ಮರಗಳ ಕೆಳಗೆ ಹಾಕಿದ್ದರು. ಹಂದಿಯ ಹ್ಯಾಮು, ವಿನೆಗರಿನ ಆಲೂಗಡ್ಡೆ, ಬೀಟ್‌ರೂಟಿನ ಉಪ್ಪಿನಕಾಯಿ. ಬೇಲಿಯ ಆಚೆ ತಾಡಪಾಲು ಗಾಳಿಗೆ ಒಮ್ಮೆ ಉಬ್ಬಿ, ಒಮ್ಮೆ ಕಲ್ಲಿಗೆ ಅಂಟಿ, ಹಗ್ಗವನ್ನು ಜಗ್ಗುತ್ತಿತ್ತು. ಕೊಲೀನ್ ಪಕ್ಕದಲ್ಲಿ ಕುಳಿತು ಕೈಚಾಚಿದಾಗ ಮೇಟಾ ತನ್ನ ಕೈಯನ್ನು ಮಡಿಲಿಗೆ ಎಳೆದುಕೊಂಡಿದ್ದಳು.

ಅಲ್ವಿನಾ ಬ್ರೆಡ್ಡನ್ನು ಎದೆಗವಚಿ ನಿಂತಳು. ಬೋರಲು ಮಾಡಿದಳು, ಶಿಲುಬೆ ಗೀರಿದಳು. ಪದ ಹೇಳುವಾಗ ಎದುರಿನಿಂದ ಇನ್ನೊಂದು ದನಿ, ಅಲ್ಲಲ್ಲಿ ಕುಂಟುತ್ತ, ಜೊತೆಗೂಡಿತು. ಅಲ್ವಿನಾ ತಲೆಯೆತ್ತಲಿಲ್ಲ, ಆದರೆ ಆ ದನಿ ಎಡವಿದಲ್ಲಿ ತಾನು ಒಂದಿಷ್ಟು ನಿಧಾನ ಮಾಡಿದಳು. ಮೊದಲ ತುದಿಚೂರನ್ನು ಕತ್ತರಿಸಿ ಮೇಜಿನ ಅಂಚಿನಲ್ಲಿಟ್ಟಳು.

ಮೇಟಾಳ ಕೈ ಮಡಿಲಿನಿಂದ ಎದ್ದಿತು. ಮೇಜಿನ ಬಟ್ಟೆಯ ಮೇಲೆ ಬೆರಳುಗಳು ತಡವರಿಸುತ್ತ, ಉಪ್ಪಿನ ಕುಡಿಕೆಯನ್ನು ದಾಟಿ, ಕೊಲೀನಳ ತಟ್ಟೆಯನ್ನು ದಾಟಿ, ಆ ಚೂರನ್ನು ಮುಟ್ಟಿದವು. ಅದನ್ನು ಮೂಗಿನ ಹತ್ತಿರ ತಂದು ಮೂಸಿದಳು. ಬಾಯಿಗೆ ಇಡಲಿಲ್ಲ. ಮುಷ್ಟಿಯಲ್ಲಿ ಮುಚ್ಚಿ ಎದೆಗೊತ್ತಿಕೊಂಡಳು.

"ಅತ್ತೆ, ಅದು ಇಲ್ಲದವರಿಗೆ," ಎಂದ ಎಲ್ಮರ್, ಯಾವತ್ತಿನ ಅಭ್ಯಾಸದಂತೆ.

"ಸುಮ್ನಿರೋ," ಅಂದಳು ಅಲ್ವಿನಾ.

ಬಾಳೆಲ್ಲ ಕೆಲಸ ಮಾಡಿ ಗಂಟುಗಟ್ಟಿದ ಆ ಬೆರಳುಗಳು ಎಷ್ಟು ಬಿಗಿದಿದ್ದವೆಂದರೆ ಗೆಣ್ಣುಗಳು ಬೆಳ್ಳಗಾಗಿದ್ದವು. ಅವನ್ನು ಯಾರೂ ಬಿಡಿಸಲು ಹೋಗಲಿಲ್ಲ. ಅಲ್ವಿನಾ ಮುಂದಿನ ಚೂರು ಕತ್ತರಿಸಿ ಕೊಲೀನಳ ತಟ್ಟೆಗೆ ಹಾಕಿದಳು.